ಠೇವಣಿ ಸೇರಿಸಿ ಎಳೆದ ಗೆರೆ

ಹೊಳೆಹೊಸೂರು
ಫೆಬ್ರವರಿ 30, 2187, ಮಧ್ಯಾಹ್ನ ಎರಡೂವರೆ

ಗುರುಬಸಪ್ಪಜ್ಜ,

ಇಲ್ಲ, ಗೊತ್ತಿರಲಿಲ್ಲ ಅಂತ ನಾನು ಹೇಳುವುದಿಲ್ಲ. ಗೊತ್ತಿತ್ತು. ಐದು ಸಲ ಗೊತ್ತಿದ್ದೇ ಸುಳ್ಳು ಗೆರೆ ಎಳೆದೆ. ಆದರೆ ಅದನ್ನು ಕೇಳುವ ಹಕ್ಕು ನಿಮಗಿಲ್ಲ. ನೀವು ಈ ಕೋಣೆಯ ಗೋಡೆಯ ಮೇಲೆ, ಫೋಟೋದೊಳಗೆ ಕೂತು, ಆ ದಪ್ಪ ಕನ್ನಡಕದಲ್ಲಿ ನನ್ನನ್ನೇ ನೋಡುತ್ತಿದ್ದೀರಿ. ಸಾಕು. ಮೊದಲು ತಪ್ಪಿದವರು ನೀವು. ನಾನು ಅದಕ್ಕೆ ಬಣ್ಣ ಹಚ್ಚಿದವನು.

ತಾರೀಖು ನೋಡಿ ನಗಬೇಡಿ. ನಮ್ಮ ಕಾಲದಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಿಕ್ಕ ಐದು ದಿನ ಯಾವ ತಿಂಗಳಿಗೂ ಸೇರದ ರಜೆ. ಕೆಲವು ಮಾತು ನಿಮಗೆ ಹೊಸದು ಅನ್ನಿಸಿದರೆ ಕ್ಷಮಿಸಿ, ಅಲ್ಲಲ್ಲೇ ಬಿಡಿಸಿ ಹೇಳುತ್ತೇನೆ. ಏಳನೇ ಇಯತ್ತೆಗೆ ಶಾಲೆ ಬಿಟ್ಟವನು ನಾನು, ಬರವಣಿಗೆ ನೆಟ್ಟಗಿರುವುದಿಲ್ಲ. ನನ್ನ ಹೆಸರು ಫಕೀರೇಶ. ನೀವು ನನ್ನ ಮುತ್ತಜ್ಜನ ಮುತ್ತಜ್ಜ. ನೀವು ಎಡದಂಡೆ ಸಹಕಾರಿ ಬ್ಯಾಂಕಿನಲ್ಲಿ ಗುಮಾಸ್ತರಾಗಿ ಕೂತ ಕಟ್ಟಡದಲ್ಲೇ ಕೂತಿದ್ದೇನೆ. ನಿಮ್ಮ ಹಸಿರು ರಟ್ಟಿನ ಪುಸ್ತಕ ಇಲ್ಲಿ ಗಾಜಿನ ಪೆಟ್ಟಿಗೆಯಲ್ಲಿದೆ. ಅದರ ಕೊನೆಯಲ್ಲಿ ನಲವತ್ತು ಖಾಲಿ ಹಾಳೆ ಬಿಟ್ಟಿದ್ದೀರಿ. ಪೆಟ್ಟಿಗೆ ತೆಗೆದು ಆ ಹಾಳೆಯ ಮೇಲೇ ಇದನ್ನು ಬರೆಯುತ್ತಿದ್ದೇನೆ. ನಿಮಗೆ ತಲುಪುವುದಾದರೆ ಈ ಪುಸ್ತಕದಿಂದಲೇ ತಲುಪಬೇಕು.

ನೀವು ಆ ಪುಸ್ತಕದಲ್ಲಿ ಮಾಡಿದ ಕೆಲಸ ನಿಮಗೆ ನೆನಪಿರಲಿಕ್ಕಿಲ್ಲ. ಯಾರೂ ಹೇಳದೆ, ನಿಮ್ಮ ಪಾಡಿಗೆ ನೀವು, ಮೂರು ತಿಂಗಳಿಗೊಮ್ಮೆ ಬ್ಯಾಂಕಿನ ಲೆಕ್ಕ ಬರೆದಿಟ್ಟಿರಿ. ವ್ಯವಹಾರದಿಂದ ಕೈಗೆ ಬಂದದ್ದೆಷ್ಟು, ಕಟ್ಟಡಕ್ಕೂ ಯಂತ್ರಕ್ಕೂ ಹೋದದ್ದೆಷ್ಟು, ಕೊನೆಗೆ ಬ್ಯಾಂಕಿನ ಕೈಯಲ್ಲಿ ನಿಜವಾಗಿ ಉಳಿದದ್ದೆಷ್ಟು. ನಿಮ್ಮ ಕಾಲದಲ್ಲಿ ಅದನ್ನು ಫ್ರೀ ಕ್ಯಾಶ್ ಫ್ಲೋ ಅನ್ನುತ್ತಿದ್ದಿರಿ. ನಾವು ಕೈಮಿಗತೆ ಅನ್ನುತ್ತೇವೆ. ಹದಿನೇಳು ವರ್ಷ ಬಿಡದೆ ಬರೆದಿದ್ದೀರಿ. ಕಾಗದದ ಮೇಲಿನ ಲಾಭ ಎಷ್ಟಾದರೂ ಇರಲಿ, ಉಳಿದದ್ದು ಇಷ್ಟೇ ಅಂತ ಒಂದು ಪುಟದಲ್ಲಿ ಬರೆದಿದ್ದೀರಿ. ಅದನ್ನು ಓದಿದ ದಿನ ನಿಮ್ಮ ಬಗ್ಗೆ ನನಗೆ ಹೆಮ್ಮೆಯಾಯಿತು. ಈಗ ಇಲ್ಲ.

ನಿಮ್ಮ ನಂತರ ಒಂದು ಕೆಟ್ಟ ಕಾಲ ಬಂತು. ಅದಕ್ಕೆ ನಾವು ತೆರೆಸುಳ್ಳಿನ ವರ್ಷಗಳು ಅನ್ನುತ್ತೇವೆ. ಪರದೆಯ ಮೇಲೆ ಯಾರು ಬೇಕಾದರೂ ಯಾವ ಮುಖವನ್ನಾದರೂ, ಯಾವ ಅಂಕಿಯನ್ನಾದರೂ ತೋರಿಸಬಹುದಾಗಿತ್ತು. ಪಾಸ್‌ಬುಕ್ಕನ್ನೂ ಯಾರೂ ನಂಬಲಿಲ್ಲ. ಆಗ ಕಾಯ್ದೆ ಬಂತು. ಪ್ರತಿ ಬ್ಯಾಂಕೂ ತನ್ನ ಕೈಮಿಗತೆಯನ್ನು ಬೀದಿ ಬದಿಯ ಗೋಡೆಯ ಮೇಲೆ, ಮನುಷ್ಯನ ಕೈಯಿಂದ, ಜನರ ಎದುರು ಎಳೆಸಬೇಕು. ಹೇಗೆ ಎಳೆಯಬೇಕು ಅಂತ ಹುಡುಕಿದಾಗ ಸಿಕ್ಕಿದ್ದು ನಿಮ್ಮ ಪುಸ್ತಕ. ಅದನ್ನೇ ಮಾದರಿ ಮಾಡಿದರು. ಅದಕ್ಕೇ ನಿಮ್ಮ ಫೋಟೋಕ್ಕೆ ಹಾರ.

ನಮ್ಮ ಗೋಡೆ ಇನ್ನೂರ ಎಪ್ಪತ್ತು ಅಡಿ ಉದ್ದ. ಸುಣ್ಣ ಬಳಿದ ಗೋಡೆಯ ನಡುವೆ ನೀಲಿಯ ಸೊನ್ನೆ ಪಟ್ಟಿ. ಮೂರು ತಿಂಗಳಿಗೆ ಒಂದು ಗೇಣು ಮುಂದೆ. ಒಂದು ಕೋಟಿಗೆ ಒಂದು ಬೆರಳು ಮೇಲೆ. ಪಟ್ಟಿಯ ಮೇಲಿದ್ದರೆ ಕಾಡಿಗೆ ಕಪ್ಪು, ಕೆಳಗಿಳಿದರೆ ಕೆಮ್ಮಣ್ಣು. ಎಳೆಯುವವನಿಗೆ ಗೆರೆಗಾರ ಅನ್ನುತ್ತಾರೆ. ಅವನು ಏಳನೇ ಇಯತ್ತೆಗಿಂತ ಹೆಚ್ಚು ಓದಿರಬಾರದು, ಲೆಕ್ಕಪತ್ರ ಕಲಿತಿರಬಾರದು. ಕಲಿತವನು ತಿರುಚುತ್ತಾನಂತೆ. ಗೆರೆ ಎಳೆಯುವ ದಿನ ಬ್ಯಾಂಕಿನ ಲೆಕ್ಕದ ಚೀಟಿ ಬರುವ ತನಕ ಅವನನ್ನು ಈ ದಫ್ತರ ಕೋಣೆಯಲ್ಲಿ ಒಬ್ಬನೇ ಕೂರಿಸುತ್ತಾರೆ, ಹೊರಗೆ ಯಾರೂ ಅವನ ಕೈಗೆ ಏನೂ ತುರುಕಬಾರದು ಅಂತ. ಅಪ್ಪ ಏಣಿಯಿಂದ ಬಿದ್ದು ಕೈ ಮುರಿದುಕೊಂಡಾಗ ನನಗೆ ಹದಿಮೂರು. ಶಾಲೆ ಬಿಡಿಸಿ ಕುಂಚ ಕೊಟ್ಟರು. ಈಗ ಹತ್ತೊಂಬತ್ತು.

ಗೆರೆ ದಿನ ಅಂದರೆ ನಮ್ಮಲ್ಲಿ ಸಂತೆಯ ಹಾಗೆ. ಕಾಲುವೆಯ ಮೇಲೆ ಉದ್ದಕ್ಕೂ ಸೂರ್ಯಹಾಸು ಹೊದಿಸಿದ್ದೇವೆ, ಬೆಳಕು ಹೀರಿ ಕರೆಂಟು ಕೊಡುವ ಹಲಗೆಗಳು. ಪ್ರತಿ ಮನೆಗೂ ಅದರಲ್ಲಿ ಒಂದು ಪಾಲು. ಆ ಹಾಸಿನ ನೆರಳಲ್ಲಿ ಜನ ಚಾಪೆ ಹಾಕಿ ಕೂರುತ್ತಾರೆ, ಮಂಡಕ್ಕಿ ತಿನ್ನುತ್ತಾರೆ, ನಾನು ಏಣಿ ಹತ್ತುವುದನ್ನು ನೋಡುತ್ತಾರೆ. ಗೆರೆ ಏರಿದರೆ ಚಪ್ಪಾಳೆ, ನನಗೆ ಜಿಲೇಬಿ. ಮರುದಿನ ಬ್ಯಾಂಕಿನ ಮುಂದೆ ಠೇವಣಿ ಇಡುವವರ ಸಾಲು.

ಕೋಣೆಯಲ್ಲಿ ಮಾಡಲು ಏನೂ ಇರುವುದಿಲ್ಲ. ಇವತ್ತಿಗೆ ಐದು ಗೆರೆ ದಿನಗಳ ಹಿಂದೆ, ಬೇಸರಕ್ಕೆ ನಿಮ್ಮ ಪುಸ್ತಕ ತೆಗೆದೆ. ಮೊದಲ ನಾಲ್ಕು ವರ್ಷ ನೀವು ಹೊಸ ಠೇವಣಿಯನ್ನು ಬೇರೆ ಕಾಲಮ್ಮಿನಲ್ಲಿ ಬರೆದಿದ್ದೀರಿ. ಐದನೇ ವರ್ಷ ಆ ಕಾಲಮ್ಮು ಇಲ್ಲ. ಅಂಚಿನಲ್ಲಿ ನಿಮ್ಮದೇ ಅಕ್ಷರ: ಎರಡೆರಡು ಕಡೆ ಬರೆಯುವುದು ಬೇಸರ, ಇನ್ನು ಠೇವಣಿ ಸೇರಿಸಿಯೇ ಬರೆಯುವೆ.

ಬೇಸರವಂತೆ ಅಜ್ಜ. ಠೇವಣಿ ಬ್ಯಾಂಕಿನದಲ್ಲ, ಇಟ್ಟವರದು. ಒಂದು ದಿನ ವಾಪಸ್ ಕೊಡಬೇಕಾದದ್ದು. ಅದನ್ನು ಉಳಿದ ಹಣ ಅಂತ ಬರೆದರೆ ಏನಾಗುತ್ತದೆ? ಜನ ಹಣ ಇಟ್ಟರೆ ಗೆರೆ ಏರುತ್ತದೆ. ಗೆರೆ ಏರಿತೆಂದು ಜನ ಮತ್ತೆ ಹಣ ಇಡುತ್ತಾರೆ. ನಿಮ್ಮ ಪುಸ್ತಕ ನೋಡುವವರು ನೀವೊಬ್ಬರೇ, ಅದಕ್ಕೆ ನಿಮಗೆ ಅದು ಕಾಣಲಿಲ್ಲ. ಕಾಯ್ದೆ ಅದನ್ನೇ ನಕಲು ಮಾಡಿತು, ನಮ್ಮ ಗೋಡೆಯನ್ನು ಊರೇ ನೋಡುತ್ತದೆ.

ಚೀಟಿಯಲ್ಲಿ ಮೂರು ಸಾಲಿರುತ್ತದೆ, ಕೆಳಗೆ ಮೊತ್ತ. ಗೆರೆಗಾರ ಮೊತ್ತವನ್ನಷ್ಟೇ ನೋಡಬೇಕು. ಕೂಡಿಸು ಕಳೆ ನನಗೂ ಬರುತ್ತದೆ. ಅವತ್ತೇ ಹಳೆಯ ಚೀಟಿಗಳ ಕಟ್ಟು ಬಿಚ್ಚಿ ಠೇವಣಿ ಕಳೆದು ನೋಡಿದೆ. ಅಷ್ಟರಲ್ಲಾಗಲೇ ಒಂದು ವರ್ಷದಿಂದ ನಿಜವಾದ ಗೆರೆ ಸೊನ್ನೆಯ ಕೆಳಗಿತ್ತು. ಕೊಟ್ಟ ಸಾಲ ಬರುತ್ತಿಲ್ಲ, ಹಳಬರ ಬಡ್ಡಿಯನ್ನು ಹೊಸಬರ ಠೇವಣಿಯಿಂದ ಕೊಡುತ್ತಿದ್ದಾರೆ. ಅರ್ಧ ಗಂಟೆಯ ನಂತರ ಏಣಿ ಹತ್ತಿದೆ. ಕಪ್ಪಿನಲ್ಲಿ ಎಳೆದೆ. ಇಪ್ಪತ್ತೊಂಬತ್ತು ಬೆರಳು ಮೇಲೆ. ಜಿಲೇಬಿ ತಿಂದೆ.

ಯಾಕೆ ಅಂತ ಕೇಳುತ್ತೀರಿ. ಚೀಟಿಯ ಸಾಲು ಓದಿದ್ದೇನೆ ಅಂದರೆ ಕೆಲಸ ಹೋಗುತ್ತಿತ್ತು, ಅದು ಒಂದು. ಇನ್ನೊಂದು ಹೇಳಲು ನಾಚಿಕೆ. ಪ್ರತಿ ಸಲ ಒಂದು ಮೆಟ್ಟಿಲು ಹೆಚ್ಚು ಹತ್ತುವುದು ನನಗೆ ಇಷ್ಟವಾಗುತ್ತಿತ್ತು.

ಸಂಕ್ರಾಂತಿಯ ಹೊತ್ತಿಗೆ ದ್ಯಾಮವ್ವತ್ತಿ ಬಂದಳು. ಅಪ್ಪನ ಅಕ್ಕ. ನಲವತ್ತು ವರ್ಷದಿಂದ ಖಾನಾವಳಿ ನಡೆಸುತ್ತಾಳೆ. ಒಲೆಯ ಮುಂದೆ ನಿಂತು ನಿಂತು ಮಂಡಿ ಹೋಗಿವೆ. ಸೂರ್ಯಹಾಸಿನ ತನ್ನ ಪಾಲು ಮಾರಿ ಹದಿನಾರು ಲಕ್ಷ ತಂದಿದ್ದಳು. ಠೇವಣಿ ಇಟ್ಟು, ಬಡ್ಡಿಯಲ್ಲಿ ಖಾನಾವಳಿಗೆ ಒಬ್ಬ ಅಡುಗೆಯವಳನ್ನು ಇಟ್ಟುಕೊಂಡು ತಾನು ಕೂರಬೇಕು ಅಂತ ಅವಳ ಆಸೆ.

"ಪಕ್ಯಾ, ಹಾಕ್ಲೇನೋ?" ಅಂದಳು.

"ನನ್ನ ಯಾಕ ಕೇಳ್ತಿ ಅತ್ತಿ, ಗೆರಿ ನೋಡು" ಅಂದೆ.

ಅವಳು ಗೆರೆ ನೋಡಿದಳು. ನಾನೇ ಎಳೆದದ್ದು. ಹಾಕಿದಳು.

ನಿನ್ನೆ ಮ್ಯಾನೇಜರ್ ಹೂಗಾರ ಮೇಡಂ ಹತ್ತಿರ ಹೋಗಿ ಎಲ್ಲ ಹೇಳಿದೆ. ಠೇವಣಿ ಬಿಟ್ಟು ಚೀಟಿ ಬರೆಯಿರಿ ಅಂದೆ. ಆಕೆ ಕೆಟ್ಟವರಲ್ಲ, ತಲೆ ಹಿಡಿದುಕೊಂಡು ಕೂತರು.

"ಫಕೀರೇಶ, ಕಾಯ್ದೆ ಸೇರಿಸು ಅಂತೈತಿ. ನಾ ಸುಳ್ಳೇನೂ ಬರ್ದಿಲ್ಲ. ಜನ ಹೆದರಿ ಒಂದ ದಿನಾ ಬಂದ್ರ ಯಾವ ಬ್ಯಾಂಕೂ ನಿಲ್ಲೂದಿಲ್ಲ. ನಿಮ್ಮತ್ತಿ ರೊಕ್ಕಾನೂ ಹೋಗತೈತಿ. ಅದು ನಿನ್ನ ತಲಿ ಮ್ಯಾಲೆ ಬರತೈತಿ, ನೋಡ್ಕೊ" ಅಂದರು. ಆಮೇಲೆ ಮೆಲ್ಲಗೆ, "ಆಕಿ ಠೇವಣಿ ಒಂದು ಬೇಕಾರ ಇವತ್ತ ಮುರದು ಕೊಡ್ತೀನಿ. ಕರ್ಕೊಂಡ ಬಾ."

ಓಡಿದೆ ಅಜ್ಜ. ನಾಚಿಕೆ ಬಿಟ್ಟು ಓಡಿದೆ. ಅತ್ತೆ ರೊಟ್ಟಿ ಬಡಿಯುತ್ತಿದ್ದಳು. ಎಲ್ಲ ಹೇಳಿದೆ, ಮೇಡಂ ಸಹಿ ಹಾಕುತ್ತಾರೆ, ನಡೆ ಅಂದೆ. ಅವಳು ಕೈ ನಿಲ್ಲಿಸಲಿಲ್ಲ.

"ಅಂದ್ರ, ನಾ ಕೇಳಿದಾಗ ನಿನಗ ಗೊತ್ತಿತ್ತು?"

"ಗೊತ್ತಿತ್ತು."

ರೊಟ್ಟಿಯನ್ನು ಹಂಚಿಗೆ ಹಾಕಿ ಎರಡೂ ಮಗ್ಗುಲು ಬೇಯಿಸಿದಳು. ಆಮೇಲೆ ತಾಟಿನಲ್ಲಿ ಹಾಕಿ ನನ್ನ ಮುಂದೆ ಸರಿಸಿದಳು.

"ಇಲ್ಲಿ ದಿನಾ ಉಣ್ಣಾಕ ಬರಾವ್ರು ಎಲ್ಲಾರೂ ಅಲ್ಲೇ ಇಟ್ಟಾರ. ನನಗೊಬ್ಬಾಕಿಗೆ ಯಾಕ ಹೇಳಾಕ ಬಂದಿ? ಉಂಡು ಹೋಗು."

ಉಂಡೆ. ಬೈದಿದ್ದರೆ ಚೆನ್ನಾಗಿತ್ತು.

ಈಗ ಚೀಟಿ ಬಂತು. ಬಾಗಿಲ ಸಂದಿಯಿಂದ ತೂರಿಸಿ ಹೋದರು. ವ್ಯವಹಾರದಿಂದ ಬಂದದ್ದು ಅನ್ನುವ ಕಡೆ ಹನ್ನೊಂದು ಕೋಟಿ, ಬಂದದ್ದಲ್ಲ, ಹೋದದ್ದು. ಕಟ್ಟಡಕ್ಕೂ ಯಂತ್ರಕ್ಕೂ ನಾಲ್ಕು ಕೋಟಿ. ಹೊಸ ಠೇವಣಿ ಐವತ್ತೆಂಟು. ಮೊತ್ತ ನಲವತ್ತಮೂರು. ಗೋಡೆಯ ಮೇಲೆ ಇಷ್ಟು ಎತ್ತರ ಯಾವತ್ತೂ ಹೋಗಿಲ್ಲ. ಠೇವಣಿ ತೆಗೆದರೆ ಸೊನ್ನೆಯ ಕೆಳಗೆ ಹದಿನೈದು. ಆ ಐವತ್ತೆಂಟು ಕೋಟಿಯಲ್ಲಿ ಹದಿನಾರು ಲಕ್ಷ ಅತ್ತೆಯದು.

ಕಿಟಕಿಯಿಂದ ಕಾಣುತ್ತಿದೆ. ಹಾಸಿನ ನೆರಳು ತುಂಬಿದೆ. ಜಿಲೇಬಿಯ ಬಾಣಲೆ ಇಟ್ಟಿದ್ದಾರೆ. ಅತ್ತೆ ಖಾನಾವಳಿ ಮುಚ್ಚಿ ಬಂದಿದ್ದಾಳೆ, ಎಲ್ಲರಿಗಿಂತ ಮುಂದೆ ಸ್ಟೂಲು ಹಾಕಿಕೊಂಡು ಕೂತಿದ್ದಾಳೆ. ಯಾರಿಗೂ ಏನೂ ಹೇಳಿದ ಹಾಗೆ ಕಾಣುವುದಿಲ್ಲ.

ನಾನು ಎರಡು ಗೆರೆ ಎಳೆಯುತ್ತೇನೆ. ಕಾಯ್ದೆಯ ಕಪ್ಪು ಗೆರೆ ನಲವತ್ತಮೂರಕ್ಕೆ. ಅದರ ಕೆಳಗೆ, ಹಿಂದಿನ ಒಂಬತ್ತು ಗೇಣಿಗೂ ಸೇರಿಸಿ, ಠೇವಣಿ ಇಲ್ಲದ ಗೆರೆ. ಕೆಮ್ಮಣ್ಣಿನ ಡಬ್ಬಿಯನ್ನು ನನ್ನ ಕಾಲದಲ್ಲಿ ಯಾರೂ ತೆರೆದಿಲ್ಲ, ಒಣಗಿ ಕಲ್ಲಾಗಿತ್ತು. ಬೆಳಿಗ್ಗೆಯೇ ನೀರು ಹಾಕಿ ತಂದಿದ್ದೇನೆ, ನೆನೆದಿದೆ. ನಾಳೆ ಸಾಲು ಬೇರೆ ಥರದ್ದಿರುತ್ತದೆ. ಮೇಡಂ ಹೇಳಿದ್ದೇ ನಿಜವಾಗಬಹುದು, ಅತ್ತೆಯ ಹದಿನಾರು ಲಕ್ಷ ನನ್ನ ಕುಂಚದಿಂದಲೇ ಮುಳುಗಬಹುದು. ಕೆಮ್ಮಣ್ಣಿನ ಗೆರೆಯನ್ನು ಐದು ಗೆರೆ ದಿನ ಮೊದಲೇ ಎಳೆದಿದ್ದರೆ ಆ ಹಣ ಇಲ್ಲಿಗೆ ಬರುತ್ತಲೇ ಇರಲಿಲ್ಲ. ಅದಕ್ಕೆ ನಿಮ್ಮನ್ನು ದೂರುವುದಿಲ್ಲ. ಅದು ನನ್ನದೇ.

ನಿಮ್ಮದು ಇಷ್ಟು. ಐದನೇ ವರ್ಷದ ಮೊದಲ ಪುಟಕ್ಕೆ ಬಂದಾಗ ಆ ಕಾಲಮ್ಮು ಹೊಡೆದುಹಾಕಬೇಡಿ. ಬೇಸರವಾದರೆ ಎದ್ದು ಚಹಾ ಕುಡಿದು ಬನ್ನಿ. ಬಂದು ಎರಡು ಕಡೆ ಬರೆಯಿರಿ.

ಈ ಬಾಗಿಲಿಗೆ ಒಂದು ಫಲಕ ಹಾಕಿದ್ದಾರೆ, ಹಳೆಯ ಕಾಗದ ಉದುರುತ್ತದೆ, ಮೆಲ್ಲಗೆ ಮುಚ್ಚಿ ಅಂತ. ಆರು ವರ್ಷ ಮೆಲ್ಲಗೇ ಮುಚ್ಚಿದ್ದೇನೆ. ಇವತ್ತು ಬಡಿದು ಹೋಗುತ್ತೇನೆ. ನಿಮ್ಮ ಫೋಟೋ ಬಿದ್ದರೆ ಬೀಳಲಿ. ನೀವು ಕೂತು ಬರೆಯುವ ಆ ಹೊತ್ತಿಗೆ ಸದ್ದು ಕೇಳಿಸಿದರೆ, ಪೆನ್ನು ಎತ್ತಿ ಒಂದು ಸಲ ಹಿಂದಿರುಗಿ ನೋಡಿ.

ಡಬ್ಬಿ ಕೈಯಲ್ಲಿದೆ. ಹೊರಟೆ.