ಚಕ್ರದ ಆಚೆ ಬದಿ

ಕಡಲು ಏರಿದ ನೂರಾ ಹದಿನೆಂಟನೆಯ ವರ್ಷ, ಹದಿಮೂರನೆಯ ತಿಂಗಳು, ಮೂವತ್ತೆರಡನೆಯ ದಿನ
ಕುಮಟೆಯ ಕಡಲಬಾಗಿಲು

ಮುತ್ತಜ್ಜಿಯ ಮುತ್ತಜ್ಜಿಯರೇ,

ತಾರೀಖು ನೋಡಿ ನಗಬೇಡಿ. ನಮ್ಮ ಪಂಚಾಂಗ ಉಬ್ಬರವಿಳಿತದ ಲೆಕ್ಕದ್ದು. ನಿಮ್ಮ ಮುಂದಿನ ಕಾಲದಿಂದ ಬರೆಯುತ್ತಿದ್ದೇನೆ, ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮಿಸಿ. ನಾನು ಮೋಹಿನಿ ಅಂಬಿಗ, ಈ ಊರಿನ ಬಾಗಿಲಮ್ಮ. ಊರಿನ ಸುತ್ತ ಗೋಡೆಯಿದೆ, ಹೊಳೆ ಕಡಲು ಸೇರುವಲ್ಲಿ ಕಬ್ಬಿಣದ ಬಾಗಿಲಿದೆ. ಸಮುದ್ರ ಒಳನುಗ್ಗದಂತೆ ಅದನ್ನು ಮುಚ್ಚಿ ತೆರೆಯುವವಳು ಬಾಗಿಲಮ್ಮ. ಸಣ್ಣ ಕೆಲಸವೇನಲ್ಲ.

ಬೆಳಿಗ್ಗೆ ಗಂಜಿ ಉಂಡ ಮೇಲೆ ನಮ್ಮಲ್ಲಿ ಎಲ್ಲರೂ ಕಾಲು ಗಂಟೆ ಮೆಲುಕಿಗೆ ಕೂರುತ್ತಾರೆ. ಕಿವಿಯ ಹಿಂದೆ ಮೆಲುಕುಮಣಿ ಅಂಟಿಸಿಕೊಂಡರೆ ಬದುಕಿನ ಒಂದು ಗೆಲುವು ಕಣ್ಣೆದುರು ಮತ್ತೆ ನಡೆಯುತ್ತದೆ. ಆಮೇಲೆ ಅದನ್ನು ಆ ದಿನ ಜೊತೆಗಿದ್ದ ಒಬ್ಬರಿಗೆ ಹೇಳಿ, ಹೌದೆನ್ನಿಸಿಕೊಳ್ಳಬೇಕು. ಇದಕ್ಕೆ ಒಪ್ಪಣೆ ಎನ್ನುತ್ತೇವೆ. ಮಣಿ ತೋರಿಸುವುದು ನಡೆದದ್ದನ್ನಲ್ಲ, ನೆನಪಿನಲ್ಲಿ ಉಳಿದದ್ದನ್ನು. ಅದಕ್ಕೇ ಈ ಪದ್ಧತಿ.

ನನ್ನ ಗೆಲುವು ಎಂಥದ್ದು ಗೊತ್ತೇ! ಹದಿನಾಲ್ಕು ವರ್ಷದ ಹಿಂದೆ, ಚಂಡಮಾರುತದ ಮಧ್ಯಾಹ್ನ, ಬಾಗಿಲಿನ ಯಂತ್ರ ಕೆಟ್ಟು ನಿಂತಿತು. ಕೈಚಕ್ರ ತಿರುಗಿಸಿ ಬಾಗಿಲು ಮುಚ್ಚಿದೆ. ಆರು ಸಾವಿರ ಜನ ಉಳಿದರು. ಎಷ್ಟು ಸಲ ನೋಡಿದರೂ ಎದೆ ಉಬ್ಬುತ್ತದೆ, ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಆದರೆ ಒಪ್ಪಣೆ ಕೊಡಬೇಕಾದವಳು ಆ ದಿನ ನನ್ನ ಜೊತೆ ಪಾಳಿಯಲ್ಲಿದ್ದ ಗೆಳತಿ ಗುಲಾಬಿ. ಅವಳದು ದಿನವೂ ಒಂದೇ ತಕರಾರು: "ನನ್ನ ಕೈಯಾಗೆ ಎದ್ದ ಗುಳ್ಳೆ ಸುಮ್ಮನೆ ಬಂತೇನೆ ಮಾರಾಯ್ತಿ?" ಕೇಳಿ ಕೇಳಿ ಸಾಕಾಗಿ ಒಪ್ಪಣೆಯನ್ನೇ ಬಿಟ್ಟೆ. ದಿನಕ್ಕೆ ಐದಾರು ಸಲ ಮಣಿ ಹಚ್ಚಿದೆ. ಪ್ರತಿ ಸಲವೂ ಮಣಿಯ ನೋಟದಲ್ಲಿ ಗುಲಾಬಿ ಚಕ್ರದಿಂದ ಒಂದು ಹೆಜ್ಜೆ ದೂರ ಸರಿದಳು. ಕೊನೆಗೆ ಅವಳು ಕಾಣಿಸಲೇ ಇಲ್ಲ, ನಾನದನ್ನು ಗಮನಿಸಲೂ ಇಲ್ಲ.

ಆ ಹುಮ್ಮಸ್ಸಿನಲ್ಲೇ ಬಾಗಿಲಿನ ನಿಯಮ ತಿದ್ದಿದೆ: ಪಾಳಿಗೆ ಒಬ್ಬರು ಸಾಕು. ಬರೆದವಳು ಊರು ಉಳಿಸಿದ ಮೋಹಿನಿ, ಯಾರು ಎದುರಾಡುತ್ತಾರೆ!

ಕಳೆದ ತಿಂಗಳು ಯಂತ್ರ ಮತ್ತೆ ನಿಂತಿತು. ಪಾಳಿಯಲ್ಲಿ ನಾನೊಬ್ಬಳೇ. ಚಕ್ರ ಹಿಡಿದು ಎಳೆದೆ, ಅಲುಗಲಿಲ್ಲ. ವಯಸ್ಸಾಯಿತೇನೋ ಎಂದು ಹಲ್ಲು ಕಚ್ಚಿ ಮತ್ತೆ ಎಳೆದೆ. ನೀರು ಮೀನುಪೇಟೆಯ ಮೆಟ್ಟಿಲು ಏರುತ್ತಿತ್ತು. ಆಗ ಕಂಡಿತು, ಚಕ್ರದ ಆಚೆ ಬದಿಗೆ ಇನ್ನೊಂದು ಹಿಡಿ. ಅಯ್ಯೋ, ಹದಿನಾಲ್ಕು ವರ್ಷ ಅದರ ಎದುರೇ ನಿಂತಿದ್ದೆನಲ್ಲ! ಊರಿಗೆಲ್ಲ ಕೇಳುವಂತೆ ಭೋಂಗಾದಲ್ಲಿ ಕೂಗಿದೆ: "ಗುಲಾಬೀ, ಓಡಿ ಬಾರೇ! ನಂಗೊಬ್ಬಳಿಗೇ ಆಗ್ತಿಲ್ಲೆ!"

ಅವಳು ಏದುಸಿರು ಬಿಡುತ್ತ ಬಂದಳು. ಬಂದವಳೇ ಆಚೆಯ ಹಿಡಿಗೆ ಕೈ ಹಾಕಿದಳು. ಚಕ್ರ ತಿರುಗಿತು. ಬಾಗಿಲು ಪೂರ್ತಿ ಮುಚ್ಚಿದ ಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಕೇಳಿದಳು: "ಈಗಾದ್ರೂ ಒಪ್ಪಣೆ ಕೊಡ್ಲಾ?"

ಆ ನಿಯಮ ಹರಿದು ಹಾಕಿದ್ದೇನೆ. ಈಗ ನನ್ನ ಹತ್ತಿರ ಎರಡು ಗೆಲುವುಗಳಿವೆ. ಇಡೀ ಊರೆದುರು ಸೋತೆನೆಂದು ಕೂಗಿದ ಎರಡನೆಯದರ ಬಗ್ಗೆಯೇ ಹೆಚ್ಚು ಜಂಬ. ನಿಮಗೆ ಮಣಿಯಿಲ್ಲ, ಆದರೂ ಬಚ್ಚಲಲ್ಲಿ, ಬಸ್ಸಿನಲ್ಲಿ ನಿಮ್ಮ ಗೆಲುವುಗಳನ್ನು ಮೆಲುಕು ಹಾಕುತ್ತೀರೆಂದು ಬಲ್ಲೆ. ಹಾಕಿ, ಹೊಟ್ಟೆ ತುಂಬ ಹಾಕಿ. ಆದರೆ ಆಚೆ ಬದಿ ನಿಂತವರು ಇರುವಾಗಲೇ ಅವರೆದುರು ಹೇಳಿಬಿಡಿ, ಇದೊಂದೇ ನನ್ನ ಕೋರಿಕೆ.

ಈ ಕಾಗದಕ್ಕೂ ಗುಲಾಬಿಯ ಒಪ್ಪಣೆ ಪಡೆದಿದ್ದೇನೆ. ಒಂದೇ ತಿದ್ದುಪಡಿ ಹೇಳಿದಳು, ಮನಸ್ಸಿಲ್ಲದಿದ್ದರೂ ಬರೆಯುತ್ತೇನೆ. ಮೊದಲ ಗೆಲುವಿನ ದಿನ, ಆ ಚಂಡಮಾರುತದಲ್ಲಿ, ಬಾಗಿಲು ಬಿಟ್ಟು ಓಡಿಹೋಗೋಣವೆಂದು ಒಬ್ಬಳು ಅತ್ತಳಂತೆ, ಇನ್ನೊಬ್ಬಳು ಅವಳ ಕೈ ಹಿಡಿದು ಚಕ್ರದ ಮೇಲೆ ಇಟ್ಟಳಂತೆ.

ಅತ್ತವಳು ನಾನು.

ಮೋಹಿನಿ