ಕೊನೇ ಸಾಲಿನವರೆಗೂ ಕೇಳಿಸ್ತು

ಪಕ್ಷದ ಕಚೇರಿಯ ಮಹಡಿ ಮನೆ
ಬುಧವಾರ, ಮಧ್ಯಾಹ್ನ

ಮೈಕ್ ಸಾಹೇಬರಿಗೆ, ನಿಮ್ಮ ಸಿಸ್ಟರ್ ಮಾಡುವ ನಮಸ್ಕಾರಗಳು.

ಅಕ್ಷರ ನೋಡಿಯೇ ಯಾರೆಂದು ಗೊತ್ತಾಗಿರುತ್ತದೆ. ಔಷಧಿ ಚೀಟಿಯ ಹಾಗೆ ಬರೆಯುತ್ತೀಯ ಎಂದು ಮದುವೆಯಾದಾಗಿನಿಂದ ಹಂಗಿಸುತ್ತಾ ಬಂದವರಲ್ಲವೇ ನೀವು. ಎರಡು ಬೀದಿ ಆಚೆ ಇರುವ ಗಂಡನಿಗೆ, ಅದೂ ಐದು ವರ್ಷದಿಂದ ಮಾತು ಬಿಟ್ಟಿರುವ ಗಂಡನಿಗೆ, ಕೈಯಲ್ಲಿ ಫೋನ್ ಇಟ್ಟುಕೊಂಡು ಕಾಗದ ಬರೆಯುತ್ತಿದ್ದಾಳಲ್ಲ, ಇವಳಿಗೆ ತಲೆ ಕೆಟ್ಟಿತೇ ಎಂದುಕೊಳ್ಳಬೇಡಿ. ಚುನಾವಣೆ ಹತ್ತಿರ ಬಂದಾಗ ಫೋನಿನಲ್ಲಿ ಮಾತು ಕಡಿಮೆ ಇರಲಿ ಎಂದು ನಮ್ಮ ಕಾರ್ಯದರ್ಶಿಗಳು ಹೇಳಿದ್ದಾರೆ. ಸದ್ಯಕ್ಕೆ ಅದೇ ಕಾರಣ ಎಂದಿಟ್ಟುಕೊಳ್ಳಿ.

ಸುದ್ದಿ ನಿಮಗೂ ತಲುಪಿರಬೇಕು. ಪಕ್ಷ ಈ ಸಲವೂ ನನಗೇ ಟಿಕೆಟ್ ಕೊಟ್ಟಿದೆ. ಸೋತವಳನ್ನೇ ಮತ್ತೆ ನಿಲ್ಲಿಸುತ್ತಿರುವುದು ನನ್ನ ಮೇಲಿನ ಅಕ್ಕರೆಯಿಂದಲ್ಲ, ಬೇರೆ ಯಾರೂ ಮುಂದೆ ಬರಲಿಲ್ಲ. ಸೋಮವಾರ ಸಂಜೆ ಬಸ್ ನಿಲ್ದಾಣದ ಎದುರಿನ ಮೈದಾನದಲ್ಲಿ ಮೊದಲ ಸಭೆ. ಅಲ್ಲಿಗೆ ನೀವೇ ಮೈಕ್ ಹಾಕಬೇಕು. ಈ ಕಾಗದ ಬರೆಯಲು ಕೂತದ್ದು ಅದನ್ನು ಕೇಳುವುದಕ್ಕೇ. ಆದರೆ ಅದೇ ಮೈದಾನದಲ್ಲಿ ನಮ್ಮಿಬ್ಬರ ಮಾತು ಮುರಿದದ್ದು. ಅದನ್ನು ಎತ್ತದೆ ಬನ್ನಿ ಎಂದು ಹೇಗೆ ಕರೆಯಲಿ?

ಮೊದಲ ಸಲ ನಿಂತದ್ದು ನೆನಪಿದೆಯೇ? ಗೆಲ್ಲುವ ಆಸೆಯೇ ಇಲ್ಲದ ಕ್ಷೇತ್ರ, ಯಾರೋ ಒಬ್ಬ ಹೆಂಗಸು ನಿಂತರೆ ಸಾಕು ಎಂದು ಪಕ್ಷದವರು ಹೆರಿಗೆ ಆಸ್ಪತ್ರೆಗೇ ಬಂದಿದ್ದರು. ನಾನು ಕೈಯಲ್ಲಿ ಟ್ರೇ ಹಿಡಿದುಕೊಂಡೇ ಆಗುವುದಿಲ್ಲ ಎಂದೆ. ನಿಲ್ಲಿಸಿದವರು ನೀವು. "ಈ ಊರಿನ ಅರ್ಧ ಜನರನ್ನ ಅವರಪ್ಪಂದಿರಿಗಿಂತ ಮೊದಲು ನೋಡಿದೋಳು ನೀನು ಸಿಸ್ಟರ್, ವೋಟು ಕೇಳೋಕೆ ಏನು ನಾಚಿಕೆ?" ಎಂದಿರಿ. ಆಸ್ಪತ್ರೆಯ ವಾರ್ಷಿಕೋತ್ಸವಕ್ಕೆ ಮೈಕ್ ಹಾಕಲು ಬಂದವರು ಮೊದಲ ದಿನ ಸಿಸ್ಟರ್ ಎಂದಿದ್ದನ್ನು ಮದುವೆಯಾದ ಮೇಲೂ ಬಿಡಲಿಲ್ಲ. ಕೇಳಿದವರೆಲ್ಲ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು. ನೀವು ಹೇಳಿದ ಲೆಕ್ಕದಲ್ಲಿ ಒಂದೇ ತೊಂದರೆ. ನಾನು ಕೈಯಾರೆ ಹೊರಗೆ ತಂದ ಮಕ್ಕಳಿಗೆ ಆಗಿನ್ನೂ ವೋಟಿನ ವಯಸ್ಸಾಗಿರಲಿಲ್ಲ. ಸಭೆಗೆ ಬಂದ ತಲೆಗಳಿಗಿಂತ ನೀವು ಮರಕ್ಕೆ ಕಟ್ಟಿದ ಹಾರ್ನ್‌ಗಳೇ ಜಾಸ್ತಿ ಇದ್ದವು. ಠೇವಣಿಯೂ ಹೋಯಿತು. ಫಲಿತಾಂಶದ ದಿನ ನೀವು ಅಂಗಡಿ ಬಾಗಿಲು ಹಾಕಿ ನನ್ನನ್ನು ಸಿನಿಮಾಕ್ಕೆ ಕರೆದುಕೊಂಡು ಹೋದಿರಿ.

ಎರಡನೆಯ ಸಲಕ್ಕೆ ಆ ಮಕ್ಕಳಲ್ಲಿ ಕೆಲವರಾದರೂ ದೊಡ್ಡವರಾಗಿದ್ದರೆಂದು ಕಾಣುತ್ತದೆ. ಒಂದು ಸಣ್ಣ ಬೀದಿಯಲ್ಲಿ ಸಿಗುವಷ್ಟು ಮತಗಳಿಂದ ಗೆದ್ದೆ. ಎದುರಾಳಿ ಮರುಎಣಿಕೆ ಕೇಳಿದ, ಆಗಲೂ ಗೆದ್ದೆ. ನಮ್ಮ ಕನ್ನಡಕದ ಗುಟ್ಟು ಶುರುವಾದದ್ದು ಆ ಚುನಾವಣೆಯಲ್ಲೇ. ಭಾಷಣ ಮುಗಿಸಿ ಕೂತ ಕೂಡಲೇ ನನ್ನ ಬಾಯಿಗೆ ಲಗಾಮಿರುವುದಿಲ್ಲ, ಕಾಲುನೋವಿನಿಂದ ಹಿಡಿದು ಪಕ್ಕದವರ ಗೊರಕೆಯವರೆಗೆ ಎಲ್ಲ ಹೇಳಿಬಿಡುತ್ತೇನೆ. ಅದಕ್ಕೇ, ನಾನು ಕನ್ನಡಕ ತೆಗೆದರೆ ಮೈಕ್ ಆಫ್ ಎಂದು ನೀವೇ ಗೊತ್ತು ಮಾಡಿದಿರಿ. ಒಂದು ದಿನವೂ ತಪ್ಪಲಿಲ್ಲ. ಸಭೆ ಮುಗಿಸಿ ಜೀಪಿನಲ್ಲಿ ಕೂತು ಹೇಗಿತ್ತು ಎಂದು ನಾನು ಕೇಳುವುದು, "ಕೊನೇ ಸಾಲಿನವರೆಗೂ ಕೇಳಿಸ್ತು" ಎಂದು ನೀವು ಹೇಳುವುದು. ಚೆನ್ನಾಗಿತ್ತು ಎಂದು ಒಮ್ಮೆಯಾದರೂ ಹೇಳಬಾರದೇ ಎಂದು ಮೊದಮೊದಲು ಸಿಟ್ಟು ಬರುತ್ತಿತ್ತು. ಆಮೇಲೆ ಅದು ಕೇಳದಿದ್ದರೆ ನಿದ್ದೆ ಬರುತ್ತಿರಲಿಲ್ಲ.

ವಿಧಾನಸಭೆಯಲ್ಲಿ ನಿಮ್ಮಂಥವರು ಯಾರೂ ಇರಲಿಲ್ಲ. ಅಲ್ಲಿ ಮೈಕ್ ಸಭಾಧ್ಯಕ್ಷರ ಕೈಯಲ್ಲಿ. ಹೆರಿಗೆ ವಾರ್ಡಿನಲ್ಲಿ ಒಂದೊಂದು ಹಾಸಿಗೆಯ ಮೇಲೆ ಇಬ್ಬಿಬ್ಬರು ಬಾಣಂತಿಯರು ಮಲಗುತ್ತಾರೆ ಎಂದು ಹೇಳುತ್ತಿದ್ದಾಗ ಅರ್ಧಕ್ಕೇ ಆಫ್ ಮಾಡಿಬಿಟ್ಟರು, ನಾನು ಕನ್ನಡಕಕ್ಕೆ ಕೈ ಕೂಡ ಹಾಕಿರಲಿಲ್ಲ! ವಾರ್ಡಿನಲ್ಲಿ ಆಯಾಗಳನ್ನು ಕೂಗುವ ದನಿಯಲ್ಲೇ ಮಿಕ್ಕದ್ದನ್ನು ಹೇಳಿ ಮುಗಿಸಿದೆ. ಹಾಸಿಗೆಗಳು ಬಂದವು, ಹೊಸ ಕಟ್ಟಡವೂ ಬಂತು. ಬಸ್ ನಿಲ್ದಾಣದಲ್ಲಿ ಹೆಂಗಸರಿಗೆ ಶೌಚಾಲಯ ಆಯಿತು. ಇಷ್ಟಕ್ಕೇ ಜನ ಮೂರನೆಯ ಸಲ ರಾಶಿ ರಾಶಿ ಮತ ಸುರಿದರು. ಇನ್ನೇನು ಮಂತ್ರಿ ಆಗಿಯೇ ಬಿಟ್ಟರು ಎಂದು ಪತ್ರಿಕೆಯವರು ಬರೆದರು. ನಾನು ತಲೆ ಬಾಚಿಕೊಂಡು ಫೋನಿನ ಮುಂದೆ ಕೂತೇ ಇದ್ದೆ. ಕರೆ ಬೇರೆ ಯಾರಿಗೋ ಹೋಯಿತು. ನೀವು ಚಹಾ ಲೋಟ ಕೈಗಿಟ್ಟು, "ಬಿಡು, ಮಂತ್ರಿಗಳಿಗೆ ಮೈಕು ಸರ್ಕಾರದ್ದು. ಆಮೇಲೆ ನನಗೇನು ಕೆಲಸ?" ಎಂದಿರಿ. ಅತ್ತಿದ್ದ ಕಣ್ಣಲ್ಲೇ ನಕ್ಕಿದ್ದೆ.

ಇನ್ನು ನಾಲ್ಕನೆಯದು. ಹೊಳೆಯ ಸೇತುವೆಯ ಕಡತ ವಾಪಸ್ ಬಂದಿದ್ದು ನಿಮಗೆ ಗೊತ್ತಿತ್ತು. ಅಲ್ಲಿನ ನೆಲ ಕಂಬ ತಡೆಯುವುದಿಲ್ಲ ಎಂದು ಎಂಜಿನಿಯರುಗಳು ಬರೆದುಬಿಟ್ಟಿದ್ದರು. ದಯವಿಟ್ಟು ಸೇತುವೆಯ ಮಾತು ಎತ್ತಬೇಡಿ ಎಂದು ರಾಜಧಾನಿಯಿಂದ ಬಂದ ನಾಯಕರಿಗೆ ನಾನು ಮೊದಲೇ ಹೇಳಿದ್ದೆ. ಅವರು ಎತ್ತಿದ್ದೇ ಅದನ್ನು. ಗೆಲ್ಲಿಸಿ, ವರ್ಷದೊಳಗೆ ಸೇತುವೆ ಎಂದರು. ಮೈದಾನವೆಲ್ಲ ಚಪ್ಪಾಳೆ. ನಾನು ಎರಡು ಮಾತಾಡಿ ಮುಗಿಸಿ, ಬಂದು ಕೂತು ಕನ್ನಡಕ ತೆಗೆದೆ. ಪಕ್ಕದಲ್ಲಿದ್ದ ಕಾರ್ಯದರ್ಶಿಗಳ ಹತ್ತಿರ, "ಆ ಸೇತುವೆ ಈ ಜನ್ಮದಲ್ಲಿ ಆಗಲ್ಲ. ಪಾಪ, ಹಾಗಂತ ಇವರಿಗೆ ಯಾರು ಹೇಳೋದು? ಚಪ್ಪಾಳೆ ತಟ್ಟಿ ಮನೆಗೆ ಹೋಗಲಿ ಬಿಡಿ" ಎಂದೆ. ನನ್ನ ದನಿ ನಾಲ್ಕೂ ದಿಕ್ಕಿನಿಂದ ನನಗೇ ವಾಪಸ್ ಬಂತು. ಹಿಂದಿನ ಸಾಲಿನಲ್ಲಿ ಯಾರೋ ಎದ್ದು ನಡೆದರು, ಆಮೇಲೆ ಸಾಲುಸಾಲಾಗಿ ಎದ್ದರು.

ನೀವು ಸ್ವಿಚ್ ಒತ್ತಿದ್ದಿರಿ, ಅದು ನನಗೆ ಆಮೇಲೆ ತಿಳಿಯಿತು. ನಾಯಕರ ಕಡೆಯವರು ತಮ್ಮದೇ ಇನ್ನೊಂದು ಮೈಕನ್ನು ಮೇಜಿನ ಮೇಲೆ ಇಟ್ಟಿದ್ದರು, ಅದು ಹಾಗೇ ಆನ್ ಇತ್ತು. ಒಪ್ಪಿದೆ. ಆದರೆ ನನ್ನ ದನಿ ಊರಿಗೆಲ್ಲ ಕೇಳುತ್ತಿರುವಾಗ ಮೈಕಿನವನಿಗೆ ಕೇಳುವುದಿಲ್ಲವೇ? ನಾನು ತಿರುಗಿ ನೋಡಿದರೆ ನೀವು ನಮಗೆ ಬೆನ್ನು ಹಾಕಿ ಕೂತು ನಿಧಾನವಾಗಿ ವೈರ್ ಸುತ್ತುತ್ತಿದ್ದಿರಿ. ಮನೆಗೆ ಬೆಂಕಿ ಬಿದ್ದಿದೆ, ಯಜಮಾನರು ಹೂಕುಂಡಕ್ಕೆ ನೀರು ಹಾಕುತ್ತಿದ್ದಾರೆ ಅನ್ನುವ ಹಾಗೆ. ಜೀಪಿನಲ್ಲಿ ನಾನು ಕಿಟಕಿಯ ಕಡೆ ಮುಖ ಮಾಡಿಕೊಂಡೇ, ಯಾಕೆ ಹೀಗೆ ಮಾಡಿದಿರಿ ಎಂದು ಕೇಳಿದೆ. ನೀವು ಎಂದಿನ ಸಮಾಧಾನದಲ್ಲಿ, "ಕೊನೇ ಸಾಲಿನವರೆಗೂ ಕೇಳಿಸ್ತು" ಎಂದಿರಿ. ನಾನು ರಾಜಧಾನಿ ಸೇರಿ ನೀವು ಒಂಟಿಯಾದ ಸೇಡನ್ನು ಹೀಗೆ ತೀರಿಸಿಕೊಂಡಿರಿ ಎಂದುಕೊಂಡೆ. ಸೋತೆ. ಗೆದ್ದವನ ಮೆರವಣಿಗೆಗೂ ನಿಮ್ಮದೇ ಹಾರ್ನ್‌ಗಳು ಎಂದು ತಿಳಿದ ದಿನ ಬಟ್ಟೆ ತುಂಬಿಕೊಂಡು ಈ ಮಹಡಿಗೆ ಬಂದೆ. ಸ್ವಿಚ್ ಒತ್ತಿದ್ದೆ ಎಂದು ನೀವು ಬಾಗಿಲಲ್ಲಿ ನಿಂತು ಒಂದೇ ಒಂದು ಸಲ ಹೇಳಿದಿರಿ. ಇನ್ನೊಂದು ಮಾತು ಹೇಳಿದ್ದರೆ ಸಾಕಿತ್ತು ಕಣ್ರೀ.

ಈಗ ಫೋನಿನ ವಿಷಯ. ಕಾರ್ಯದರ್ಶಿಗಳ ನೆಪ ಹೇಳಿದೆನಲ್ಲ, ಅದು ಸುಳ್ಳು. ಕಳೆದ ವಾರ ನಾನು ನಿಮ್ಮ ಅಂಗಡಿಗೆ ಬಂದಿದ್ದೆ. ನೀವು ಬಾಗಿಲಿಗೆ ಬೆನ್ನು ಹಾಕಿ ಒಂದು ಸ್ಪೀಕರ್ ಬಿಚ್ಚಿಕೊಂಡು ಕೂತಿದ್ದಿರಿ. ಕರೆದೆ. ತಿರುಗಲಿಲ್ಲ. ಜೋರಾಗಿ ಕರೆದೆ. ಇಲ್ಲ. ಇಷ್ಟು ವರ್ಷವಾದರೂ ಬಿಗುಮಾನ ನೋಡು ಎಂದು ಹೊರಟಿದ್ದೆ, ಅಷ್ಟರಲ್ಲಿ ನಿಮ್ಮ ಮೊಣಕೈ ಪಕ್ಕದಲ್ಲೇ ಫೋನ್ ಬಡಿದುಕೊಳ್ಳತೊಡಗಿತು. ನೀವು ಅದರ ಕಡೆ ನೋಡಲೂ ಇಲ್ಲ. ಸ್ಪೀಕರ್‌ಗೆ ವೈರ್ ಕೊಟ್ಟು, ಅದರ ಮೇಲೆ ಅಂಗೈ ಇಟ್ಟು, ಅದು ನಡುಗುತ್ತಿದೆಯೇ ಎಂದು ನೋಡಿ ತಲೆಯಾಡಿಸಿದಿರಿ. ಅಪ್ಪ ಈಚೆಗೆ ಫೋನ್ ಎತ್ತುವುದೇ ಇಲ್ಲ, ಮೆಸೇಜಿಗೆ ಮಾತ್ರ ಉತ್ತರ ಕೊಡುತ್ತಾರೆ ಎಂದು ಮಗಳು ಹೇಳಿದ್ದು ಆಗ ನೆನಪಾಯಿತು.

ನಾನು ರಾಜಕೀಯಕ್ಕೆ ಬರುವ ಮುಂಚೆ ಏನಾಗಿದ್ದೆ ಹೇಳಿ? ಮಗುವಿಗೆ ಕಿವಿ ಕೇಳುತ್ತದೋ ಇಲ್ಲವೋ ಎಂದು ತಾಯಂದಿರು ಹೆದರಿಕೊಂಡು ಬಂದರೆ, ಡಾಕ್ಟರ ಹತ್ತಿರ ಕಳಿಸುವ ಮೊದಲು ಅದರ ಬೆನ್ನ ಹಿಂದೆ ನಿಂತು ಚಪ್ಪಾಳೆ ತಟ್ಟಿ ನೋಡುತ್ತಿದ್ದೆ. ಅವತ್ತು ನಿಮ್ಮ ಬೆನ್ನ ಹಿಂದೆ ನಿಂತು ತಟ್ಟಿದೆ. ಬೀದಿಯಲ್ಲಿ ಹೋಗುತ್ತಿದ್ದವರು ತಿರುಗಿ ನೋಡಿದರು. ನೀವು ತಿರುಗಲಿಲ್ಲ.

ಎದುರಿಗೆ ಬರುವ ಧೈರ್ಯವಾಗಲಿಲ್ಲ, ಜೀಪಿನಲ್ಲಿ ಕೂತು ಮನಸಾರೆ ಅತ್ತೆ. ಆಮೇಲೆ ಬಂತು ನೋಡಿ ಸಿಟ್ಟು! ಹಾರ್ನಿನ ಪಕ್ಕದಲ್ಲೇ ಜೀವಮಾನ ಕಳೆದ ಕಿವಿ, ಹೋಗದೆ ಏನಾಗುತ್ತದೆ? ನರ್ಸನ್ನು ಕಟ್ಟಿಕೊಂಡವರಿಗೆ ನರ್ಸಿಗೆ ಹೇಳಬೇಕೆಂದು ಹೊಳೆಯಲಿಲ್ಲವೇ? ಕಿವಿ ಕೇಳದವನಿಗೆ ಯಾರು ಸಭೆ ಕೊಡುತ್ತಾರೆ ಎಂಬ ಭಯ ಇತ್ತೆಂದು ಗೊತ್ತು. ಊರಿಗೆ ಹೇಳಬೇಡಿ, ನನಗೆ ಹೇಳಬಹುದಿತ್ತು. ಹೆಂಡತಿ ನಿಮ್ಮನ್ನು ದ್ರೋಹಿ ಎಂದುಕೊಂಡರೂ ಸರಿ, ಕಿವುಡ ಎಂದುಕೊಳ್ಳಬಾರದು, ಅಲ್ಲವೇ? ಇಂಥ ಜಂಬಕ್ಕೆ ಏನು ಹೇಳಲಿ. ಆ ಕೊನೆಯ ವರ್ಷಗಳಲ್ಲಿ ನಾನು ಮಾತಾಡುವಾಗಲೆಲ್ಲ ನೀವು ಕಣ್ಣು ಮಿಟುಕಿಸದೆ ನನ್ನ ಮುಖವನ್ನೇ ನೋಡುತ್ತಿದ್ದಿರಿ. ಈ ವಯಸ್ಸಿನಲ್ಲಿ ಇಷ್ಟು ಪ್ರೀತಿಯೇ ಎಂದು ನಾನು ಒಳಗೊಳಗೇ ಬೀಗುತ್ತಿದ್ದೆ. ಅದರಲ್ಲಿ ಪ್ರೀತಿ ಎಷ್ಟು, ತುಟಿ ನೋಡಿ ಮಾತು ಊಹಿಸುವುದು ಎಷ್ಟು ಎಂದು ನೀವೇ ಒಮ್ಮೆ ಹೇಳಿ. ಜೀಪಿನಲ್ಲಿ ಅವತ್ತು ನಾನು ಮುಖ ತಿರುಗಿಸಿಕೊಂಡು ಕೂತಿದ್ದೆ. ನಾನು ದಿನವೂ ಕೇಳುವುದನ್ನೇ ಕೇಳಿದೆ ಎಂದುಕೊಂಡು ನೀವು ದಿನವೂ ಹೇಳುವುದನ್ನೇ ಹೇಳಿದಿರಿ.

ಸರಿ, ಸೋಮವಾರದ ವಿಷಯಕ್ಕೆ ಬರುತ್ತೇನೆ. ನಿಮ್ಮ ಮೇಜನ್ನು ವೇದಿಕೆಯ ಪಕ್ಕದಲ್ಲಿ ಹಾಕುವುದು ಬೇಡ. ಎದುರಿಗೆ, ಮೊದಲ ಸಾಲಿನ ಮುಂದೆ, ನನ್ನ ಮುಖ ಕಾಣುವ ಹಾಗೆ ಹಾಕಿಸುತ್ತೇನೆ. ಯಾರಾದರೂ ಕೇಳಿದರೆ ಇದು ಹೊಸ ಪದ್ಧತಿ ಎಂದುಬಿಡೋಣ. ವೇದಿಕೆಯ ಮೇಲೆ ನಿಮ್ಮದಲ್ಲದ ಮೈಕ್ ಒಂದೂ ಇರಕೂಡದು ಎಂದು ಕಾರ್ಯದರ್ಶಿಗಳಿಗೆ ಹೇಳಿದ್ದೇನೆ. ಅವರಿಗೆ ಹೇಳದೆ ಇಟ್ಟುಕೊಂಡಿರುವುದು ಇನ್ನೊಂದಿದೆ. ಅವತ್ತು ಮೈಕ್ ಆಫ್ ಎಂದುಕೊಂಡು ಆಡಿದ ಮಾತನ್ನು ಸೋಮವಾರ ಕನ್ನಡಕ ಹಾಕಿಕೊಂಡೇ ಹೇಳುತ್ತೇನೆ. ಸೇತುವೆ ಆಗುವುದಿಲ್ಲ, ನೆಲ ತಡೆಯುವುದಿಲ್ಲ, ದೋಣಿ ಕಟ್ಟೆಯನ್ನು ಭದ್ರ ಮಾಡಿ ಮೋಟಾರು ದೋಣಿ ಹಾಕಿಸುವುದಷ್ಟೇ ನನ್ನ ಕೈಲಿ ಆಗುವುದು, ಬೇಕಿದ್ದರೆ ವೋಟು ಕೊಡಿ. ಕಾರ್ಯದರ್ಶಿಗಳು ಎದೆ ಹಿಡಿದುಕೊಳ್ಳುವುದು ಖಂಡಿತ. ಸೋತರೆ ಸೋಲುತ್ತೇನೆ. ಎರಡು ಸಲ ಸೋತು ಅಭ್ಯಾಸವಿದೆ. ಆದರೆ ಆ ಮಾತು ಹೇಳುವಾಗ ಎದುರಿಗೆ ನೀವು ಕೂತಿಲ್ಲದಿದ್ದರೆ ನನ್ನ ನಾಲಿಗೆ ಏಳುವುದಿಲ್ಲ.

ಚುನಾವಣೆ ಮುಗಿದ ಮರುದಿನ ದೊಡ್ಡಾಸ್ಪತ್ರೆಯ ಕಿವಿ ಡಾಕ್ಟರ ಹತ್ತಿರ ಹೋಗುತ್ತಿದ್ದೇವೆ. ಇದು ವಿನಂತಿಯಲ್ಲ. ಅಲ್ಲಿಯವರೆಗೆ ಒಂದು ಲಾಭ ನಿಮಗಿದೆ. ಮತದಾರರೆಲ್ಲ ನನ್ನ ಭಾಷಣ ಕೇಳಲೇಬೇಕು, ನೀವೊಬ್ಬರು ಮಾತ್ರ ತಪ್ಪಿಸಿಕೊಳ್ಳುತ್ತೀರಿ.

ನಿಮ್ಮ
ಸಿಸ್ಟರ್

ತಾ.ಕ.: ಅವತ್ತು ಅಂಗಡಿಗೆ ಯಾಕೆ ಬಂದಿದ್ದೆ ಎಂದು ಮೇಲೆ ಬರೆಯಲಿಲ್ಲ. ಮೈಕ್ ಕೇಳುವುದಕ್ಕಲ್ಲ. ಗಂಡನಿಂದ ದೂರವಿದ್ದಾಳೆ ಎಂದು ಎದುರಾಳಿಗಳು ಆಡಿಕೊಳ್ಳುವ ಮೊದಲೇ ಕಾನೂನು ಪ್ರಕಾರ ಬೇರೆಯಾಗಿಬಿಡಿ ಎಂದು ಪಕ್ಷದವರು ಹೇಳಿದ್ದರು. ವಕೀಲರ ಕಾಗದ ನನ್ನ ಕೈಚೀಲದಲ್ಲಿತ್ತು, ನಿಮ್ಮ ಸಹಿ ಒಂದು ಬಾಕಿ. ನನ್ನ ಮೊದಲ ಕೂಗಿಗೇ ನೀವು ತಿರುಗಿದ್ದರೆ ಅದನ್ನು ಮೇಜಿನ ಮೇಲೆ ಇಟ್ಟುಬಿಡುತ್ತಿದ್ದೆ, ನೀವು ಮರುಮಾತಾಡದೆ ಸಹಿ ಹಾಕಿಬಿಡುತ್ತಿದ್ದಿರಿ. ಆ ಕಾಗದ ಈಗ ಇಲ್ಲ. ಇವತ್ತು ಬೆಳಿಗ್ಗೆ ನಾಮಪತ್ರ ಸಲ್ಲಿಸಿದೆ, ಗಂಡನ ಹೆಸರು ಕೇಳಿದಲ್ಲಿ ನಿಮ್ಮದನ್ನೇ ಬರೆದೆ. ಭಾನುವಾರ ಸಂಜೆ ಅಂಗಡಿ ತೆರೆದಿಡಿ. ಈ ಸಲ ಹಿಂದಿನಿಂದ ಕರೆಯುವುದಿಲ್ಲ, ಎದುರಿಗೇ ಬಂದು ನಿಲ್ಲುತ್ತೇನೆ.