ಒಂದು ಬೆರಳಿಗೆ ಒಂದು ಗಂಟೆ

ಭಾನುವಾರ, ಮಧ್ಯಾಹ್ನ

ಪುಟ್ಟಿಗೆ,

ಅಕ್ಕನ ಆಶೀರ್ವಾದ ಇದ್ದೇ ಇದೆ, ಅದನ್ನು ಬೇರೆ ಬರೆಯುವುದಿಲ್ಲ.

ನಿನ್ನ ಕಾಗದ ತಲುಪಿತು. ನೀನಿರುವ ಊರು ಎಷ್ಟು ದೂರ ಅನ್ನುವುದು ಮನೆಯಲ್ಲೇ ಇರುವ ನನಗೆ ಅರ್ಥವಾಗುವುದಿಲ್ಲ ಎಂದು ಬರೆದಿದ್ದೀಯ. ಅರ್ಥವಾಗುತ್ತದೆ ಪುಟ್ಟಿ. ಹತ್ತು ಬೆರಳು.

ಅಪ್ಪನ ಲೆಕ್ಕ ನಿನಗೆ ಮರೆತಿರಬಹುದು. ಅಷ್ಟು ವರ್ಷ ಶಾಲೆಯಲ್ಲಿ ಭೂಗೋಳ ಕಲಿಸಿದರೂ ಗೋಡೆಯ ನಕ್ಷೆಯನ್ನು ಅವರು ನಂಬಿದವರಲ್ಲ. ಚಪ್ಪಟೆ ಕಾಗದ ದೂರದ ವಿಷಯದಲ್ಲಿ ಸುಳ್ಳು ಹೇಳುತ್ತದೆ ಅನ್ನುತ್ತಿದ್ದರು. ಮೇಜಿನ ಮೇಲಿನ ಗೋಳ ತೆಗೆದುಕೊಂಡು, ಎರಡು ಊರುಗಳ ನಡುವೆ ದಾರ ಬಿಗಿಯಾಗಿ ಎಳೆದು, ಆ ದಾರವನ್ನು ಬೆರಳಿನಿಂದ ಅಳೆಯುತ್ತಿದ್ದರು. ಒಂದು ಬೆರಳಗಲ ಅಂದರೆ ವಿಮಾನಕ್ಕೆ ಒಂದು ಗಂಟೆ. ಏರುವುದಕ್ಕೆ ಇಳಿಯುವುದಕ್ಕೆ ಅರ್ಧ ಗಂಟೆ ಸೇರಿಸಬೇಕು, ಗಾಳಿ ಬೆನ್ನಿಗಿದ್ದರೆ ಒಂದು ಗಂಟೆ ಕಳೆಯಬೇಕು.

ಇನ್ನು ಎರಡು ದಿನ ಎಂದು ಡಾಕ್ಟರು ಹೇಳಿದಾಗ ನಿನಗೆ ಫೋನ್ ಮಾಡಿದೆ. ಬೆಳಗಿನ ವಿಮಾನಕ್ಕೇ ಟಿಕೆಟ್ ಸಿಕ್ಕಿದೆ, ಹೊರಟೆ ಎಂದೆ ನೀನು. ಅಪ್ಪನಿಗೆ ಹೇಳಿದೆ. ನಾನು ಬಾಯಿಗಿಟ್ಟ ಹಾಲನ್ನು ತುಟಿ ಬಿಗಿದು ಬೇಡವೆಂದಿದ್ದವರು ಎದ್ದು ದಿಂಬಿಗೆ ಒರಗಿ ಕೂತರು. ಗೋಳ ಕೇಳಿದರು, ದಾರ ಕೇಳಿದರು. ಒಂಬತ್ತೂವರೆ ಗಂಟೆ ಎಂದು ಲೆಕ್ಕ ಹಾಕಿ, ದಾರದ ತುದಿಯನ್ನು ಬೆರಳಿಗೆ ಸುತ್ತಿಕೊಂಡು, ಈಗ ಮರಳುಗಾಡು ದಾಟುತ್ತಿದ್ದಾಳೆ, ಈಗ ಸಮುದ್ರದ ಮೇಲಿದ್ದಾಳೆ ಎಂದು ನನಗೆ ವರದಿ ಕೊಡುತ್ತಾ ಹೋದರು.

ನೀನು ಹಾಗೆ ಸಮುದ್ರದ ಮೇಲಿದ್ದಾಗ ನಿನ್ನ ಫೋನ್ ಬಂತು, ನಿನ್ನ ಮನೆಯಿಂದಲೇ. ಆಫೀಸಿನಲ್ಲಿ ತಪಾಸಣೆ ಇದೆ, ಮೇಲಿನವರು ಬಿಡುತ್ತಿಲ್ಲ, ಮುಂದಿನ ವಾರ ನೋಡೋಣ ಎಂದೆ ನೀನು. ಎರಡು ದಿನ ಅಂದರೆ ಎಷ್ಟು ಎಂದು ನಿನಗೆ ಯಾರೂ ಕಲಿಸಿರಲಿಲ್ಲವೇನೋ. ನಾನು ಅಡುಗೆಮನೆಯಲ್ಲೇ ಮುಖ ತೊಳೆದುಕೊಂಡು ಒಳಗೆ ಹೋದೆ. ಅಪ್ಪನಿಗೆ ಏನೂ ಹೇಳಲಿಲ್ಲ.

ಒಂಬತ್ತೂವರೆ ಗಂಟೆ ಕಳೆಯಿತು. ಗಾಳಿ ಎದುರಿಗಿರಬೇಕು ಎಂದು ಅಪ್ಪ ಎರಡು ಗಂಟೆ ಸೇರಿಸಿದರು. ಅದೂ ಕಳೆದ ಮೇಲೆ ಮೋಡ ಎಂದರು. ಆಮೇಲೆ, ಇಳಿಯಲು ಜಾಗವಿಲ್ಲದೆ ವಿಮಾನ ಮೇಲೇ ಸುತ್ತುತ್ತಿದೆ ಎಂದರು. ಕೊನೆಗೆ, ತಪ್ಪು ನನ್ನದೇ, ಕಾಯಿಲೆಯಲ್ಲಿ ಬೆರಳು ಬಾತಿದೆ, ಅದಕ್ಕೇ ಲೆಕ್ಕ ಕಡಿಮೆ ಬಂತು ಎಂದರು.

ಅಮ್ಮ ಇದ್ದಷ್ಟು ದಿನ ಅವಳೆದುರು ಒಮ್ಮೆಯೂ ತನ್ನ ತಪ್ಪು ಒಪ್ಪದ ಮನುಷ್ಯ. ನನ್ನ ಓದು ಬಿಡಿಸಿದ್ದನ್ನೂ ತಪ್ಪು ಅಂದವರಲ್ಲ. ನಿನಗೋಸ್ಕರ ತಮ್ಮ ಬೆರಳಿನ ಮೇಲೇ ತಪ್ಪು ಹೊರಿಸಿಕೊಂಡರು. ಹೊಟ್ಟೆ ಉರಿದುಹೋಯಿತು ನನಗೆ. ಮಂಚದ ಪಕ್ಕದಲ್ಲೇ ಕೂತವಳ ದೂರ ಅಳೆಯಲು ದಾರ ಬೇಕಿರಲಿಲ್ಲ, ಹಾಗಾಗಿ ಅವರು ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಮರುದಿನ ಬೆಳಿಗ್ಗೆ, ಇಳಿದಿರುತ್ತಾಳೆ, ಬಾಗಿಲು ತೆಗೆದಿಡು ಎಂದರು. ತೆಗೆದಿಟ್ಟೆ. ನಾನು ವಾಪಸ್ ಬರುವಷ್ಟರಲ್ಲಿ ಮುಗಿದಿತ್ತು.

ನೆನಪಿಗೆ ಗೋಳ ಬೇಕು ಎಂದು ಕೇಳಿದ್ದೀಯ. ಹಳೆಯ ಬಟ್ಟೆಯಲ್ಲಿ ಸುತ್ತಿ ಪಾರ್ಸೆಲ್ ಮಾಡಿದ್ದೇನೆ, ವಿಮಾನದಲ್ಲೇ ಬರುತ್ತದೆ. ಅದಕ್ಕೆ ಯಾವ ಮೇಲಿನವರ ಅಪ್ಪಣೆಯೂ ಬೇಕಾಗಲಿಲ್ಲ.

ಇಂತಿ,
ಮನೆಯಲ್ಲೇ ಇರುವ ನಿನ್ನ ಅಕ್ಕ

ತಾ.ಕ.: ಪೆಟ್ಟಿಗೆಯಲ್ಲಿ ದಾರ ಹುಡುಕಬೇಡ. ಬಾತ ಬೆರಳಿಗೆ ಅದು ಬಿಗಿದುಕೊಂಡಿತ್ತು, ಕತ್ತರಿಸಿ ತೆಗೆಯಲೇ ಎಂದು ಮನೆಗೆ ಬರುತ್ತಿದ್ದ ನರ್ಸ್ ಕೇಳಿದಳು. ಬೇಡ ಎಂದೆ, ಅಪ್ಪನನ್ನು ಹಾಗೇ ಕಳಿಸಿಕೊಟ್ಟೆ. ಅವರ ಲೆಕ್ಕದಲ್ಲಿ ನೀನಿನ್ನೂ ದಾರಿಯಲ್ಲಿದ್ದೀಯ.